ದೊರೆಯ ಕಂಕುಳಿನ ಸುಟ್ಟ ರೊಟ್ಟಿ

ಗ್ವಾದರ್ರಾಮ ಬೆಟ್ಟಸಾಲಿನ ಎರಡು ಮಗ್ಗುಲಿನ ಹಳ್ಳಿಗಳಲ್ಲೂ ಎರಡನೆಯ ಫೆಲಿಪೆ ದೊರೆಯ ಕಥೆ ಹೇಳದ ಮನೆಯಿಲ್ಲ. ಆದರೆ ಒಂದೂರಿನ ದೊರೆ ಇನ್ನೊಂದೂರಿನ ದೊರೆಯಂತಿಲ್ಲ. ಬಯಲಿನ ಕಡೆ ಅವನು ಬರೀ ಗುಮಾಸ್ತ. ಅರ್ಧ ಲೋಕವನ್ನು ಒಂದು ಮೇಜಿನ ಮುಂದೆ ಕೂತು ಆಳುತ್ತಾನೆ, ಎದ್ದು ಕಿಟಕಿ ತೆರೆಯಲೂ ಅಪ್ಪಣೆ ಬರೆದು ಕಳಿಸುತ್ತಾನೆ. ಮರದ ಅಂಟು ಇಳಿಸಿ ಬದುಕುವ ಪೈನ್ ಕಾಡಿನ ಊರುಗಳಲ್ಲಿ ಅವನು ಮಾಂತ್ರಿಕ. ಸಂತರ ಮೂಳೆಗಳನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟು ಅವುಗಳ ಸಲಹೆ ಕೇಳುತ್ತಾನೆ. ಕಲ್ಲು ಕಡಿಯುವವರ ಕೇರಿಗಳಲ್ಲಿ ಅವನು ಮೇಸ್ತ್ರಿ. ಬಂಡೆಯ ಮೇಲೆ ಕೂತು ತನ್ನ ಮಠದಂಥ ಅರಮನೆ ಏಳುವುದನ್ನು ನೋಡುತ್ತ, ಕಲ್ಲು ಎಳೆಯುವ ಎತ್ತುಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಎಲ್ಲ ಕಡೆಯೂ ಬದಲಾಗದೆ ಉಳಿದದ್ದು ಅವನ ಕಪ್ಪು ಬಟ್ಟೆ, ಮತ್ತು ಕಥೆಯ ಕೊನೆಗೆ ಅವನ ಕೈಗೆ ಬರುವ ಕೀಲಿ. ಆ ಕೀಲಿಯಿಂದ ಅವನು ತನ್ನ ಹಿರಿಯ ಮಗನನ್ನು ಗೋಪುರದ ಕೋಣೆಯಲ್ಲಿ ಕೂಡಿ ಬೀಗ ಹಾಕುತ್ತಾನೆ. ಮಗ ಒಳಗೇ ಸಾಯುತ್ತಾನೆ. ದೊರೆ ಅಳುವುದಿಲ್ಲ.

ಪೆನ್ಯಸೋರ್ದ ಎಂಬ ಊರಿನಲ್ಲಿ ಮಾತ್ರ ಕಥೆ ಬೇರೆಯಾಗಿ ಮುಗಿಯುತ್ತದೆ. ಅಲ್ಲಿನ ದೊರೆಯ ಒಂದು ಕೈಯಲ್ಲಿ ಕೀಲಿ ಇದ್ದರೆ, ಇನ್ನೊಂದರ ಕಂಕುಳಲ್ಲಿ ಸುಟ್ಟು ಕರಿಯಾದ ರೊಟ್ಟಿ ಇರುತ್ತದೆ. ಈ ರೊಟ್ಟಿ ಬೇರಾವ ಊರಿನ ಕಥೆಯಲ್ಲೂ ನನಗೆ ಸಿಕ್ಕಿಲ್ಲ. ಅದು ಹೇಗೆ ಬಂತೆಂಬುದನ್ನು ಆ ಊರಿನ ಒಲೆ ಕಾಯುತ್ತಿದ್ದ ಲೆಯಾಂದ್ರ ಹೇಳಿದಂತೆ, ಅವಳ ನೆರೆಯವಳಾದ ಪ್ರಿಮಿತೀವ ನಡುನಡುವೆ ತಿದ್ದಿದಂತೆ ಇಲ್ಲಿ ಕೊಟ್ಟಿದೆ. ಇಬ್ಬರ ಮಾತು ಹೊಂದದ ಕಡೆ ಇಬ್ಬರದನ್ನೂ ಇಟ್ಟಿದೆ.

ಆಗಿನ್ನೂ ಆ ಊರಿನಲ್ಲಿ ಮನೆಮನೆಗೆ ರೊಟ್ಟಿ ಬೇಯಿಸುವ ಒಲೆಗೂಡು ಇರಲಿಲ್ಲ. ಇಗರ್ಜಿಯ ಹಿಂದೆ, ಮಗುಚಿದ ಬುಟ್ಟಿಯಂತೆ ಕಲ್ಲು ಕಟ್ಟಿದ ಒಂದೇ ಊರೊಲೆ. ಶುಕ್ರವಾರ ಬೆಳಿಗ್ಗೆ ಪ್ರತಿ ಮನೆಯಿಂದಲೂ ಹುದುಗು ಬಂದ ಹಿಟ್ಟಿನ ಗುಂಡು ರೊಟ್ಟಿಗಳು ಹಲಗೆಯ ಮೇಲೆ, ಬಟ್ಟೆ ಹೊದ್ದು, ಹೆಂಗಸರ ತಲೆಯೇರಿ ಬರುತ್ತಿದ್ದವು. ಎಲ್ಲರದೂ ಒಟ್ಟಿಗೆ ಬೇಯುವುದರಿಂದ ಗುರುತಿಗೆಂದು ಪ್ರತಿ ಮನೆಗೂ ಒಂದು ಮರದ ಅಚ್ಚು. ಕೆಲವರದು ಚಕ್ರ, ಕೆಲವರದು ತೆನೆ. ಆ ಅಚ್ಚು ಒತ್ತಿದ ರೊಟ್ಟಿ ಆ ಮನೆಯವರದೇ. ಆ ಅಚ್ಚು ಒತ್ತುವ ಕೈ ಆ ಮನೆಯ ಕೈ. ಈ ವಿಷಯದಲ್ಲಿ ಊರಿನಲ್ಲಿ ತಕರಾರೇ ಇರಲಿಲ್ಲ.

ಒಲೆಯ ಬಳಿ ಗಡಿಯಾರವೂ ಇರಲಿಲ್ಲ. ಹೊತ್ತು ಅಳೆಯಲು ಕಥೆಗಳಿದ್ದವು. ಎಣ್ಣೆಯ ಸಣ್ಣ ತಿನಿಸಿಗೆ ನರಿಯ ಕಥೆ. ದೊಡ್ಡ ಗುಂಡು ರೊಟ್ಟಿಗೆ ದೊರೆಯ ಕಥೆ. ಒಲೆಯ ಬಾಯಿಗೆ ತಗಡು ಮುಚ್ಚಿದ ಕೂಡಲೇ ಲೆಯಾಂದ್ರ ಆರಂಭಿಸುತ್ತಿದ್ದಳು. ತನ್ನ ತಾಯಿ ಹೇಳಿದಷ್ಟೇ ಮಾತು, ತಾಯಿ ಉಸಿರು ತೆಗೆದುಕೊಂಡ ಕಡೆಯೇ ಉಸಿರು. ಕೊನೆಗೆ ಅವಳು "ಕೀಲಿ ತಿರುಗಿತು" ಎಂದಾಗ ಇಬ್ಬರು ಹೆಂಗಸರು ಎದ್ದು ತಗಡು ಸರಿಸುವರು, ರೊಟ್ಟಿ ಹದವಾಗಿ ಬೆಂದಿರುವುದು. ನಡುವೆ ಯಾರೂ ಬಾಯಿ ಹಾಕುವಂತಿರಲಿಲ್ಲ. ಹಾಕಿದವರು ಮುಂದಿನ ವಾರ ಒಲೆಯ ಬೂದಿ ಹೊರಬೇಕು. ಮಾತಿನಲ್ಲಿ ಯಾರಿಗೂ ಸೋಲದ ಪ್ರಿಮಿತೀವ ತನ್ನ ಆಯುಷ್ಯದ ಅರ್ಧ ಬೂದಿ ಹೊತ್ತೇ ಕಳೆದೆನೆಂದು ಹೇಳಿಕೊಳ್ಳುತ್ತಾಳೆ.

ಒಲೆಗೆ ಉರುವಲು ತರುತ್ತಿದ್ದವನು ಲೆಯಾಂದ್ರಳ ತಮ್ಮ ಸತೂರಿಯೊ. ಬೆಟ್ಟದ ಮೇಲಿನ ಎಲೆ ಅಂಟಂಟಾದ ಕುರುಚಲು ಗಿಡಗಳನ್ನು ಕಡಿದು, ಕಟ್ಟು ಕಟ್ಟಿ, ಬೆನ್ನಮೇಲೆ ಹೊತ್ತು ತರುವನು. ತಂದವನು ಒಳಗೆ ಕೂರುತ್ತಿರಲಿಲ್ಲ. ಬಾಗಿಲಿಗೆ ಒರಗಿ ನಿಂತು, ತನ್ನ ರೊಟ್ಟಿ ಬಂದ ಮೇಲೆ ತೆಗೆದುಕೊಂಡು ಹೋಗುವನು. ಹೆಂಡತಿ ಕ್ವಿತೇರಿಯ ತೀರಿಕೊಂಡಂದಿನಿಂದ ಅವನು ಕಪ್ಪು ಬಿಟ್ಟು ಬೇರೆ ಉಟ್ಟವನಲ್ಲ, ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದವನಲ್ಲ. ಊರು ಅವನಿಗೆ ದೊರೆ ಎಂದೇ ಹೆಸರಿಟ್ಟಿತ್ತು.

ಹೆಸರಿಗೆ ಇನ್ನೊಂದು ಕಾರಣವೂ ಇತ್ತು. ಸತೂರಿಯೊಗೆ ಒಬ್ಬಳೇ ಮಗಳು, ಒಲಾಯಾ. ತಾಯಿಗಾಗಿ ಕಪ್ಪು ಉಡುವ ಅವಧಿ ಇನ್ನೂ ಮುಗಿಯದಿರುವಾಗಲೇ ಅವಳು ನೀಲಿ ಬಟ್ಟೆಯುಟ್ಟು, ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಎಲಾದಿಯೊನನ್ನು ಮದುವೆಯಾಗಿ ಅವನ ಜೊತೆ ಹೊರಟುಹೋದಳು. ಅವಳ ಬೆನ್ನು ತಿರುವಿನಲ್ಲಿ ಮರೆಯಾಗುವ ಮೊದಲೇ ಸತೂರಿಯೊ ಹಗಲುಹೊತ್ತಿನಲ್ಲಿ ಬಾಗಿಲು ಹಾಕಿ ಬೀಗ ತಿರುಗಿಸಿದ. ಆ ಊರಿನಲ್ಲಿ ಹಗಲು ಯಾರೂ ಬೀಗ ಹಾಕುವುದಿಲ್ಲ. ಅಂದಿನಿಂದ ಅವನು ಎಲ್ಲಿಗೆ ಹೋದರೂ ಬೀಗ ಹಾಕಿಯೇ ಹೋಗುತ್ತಿದ್ದ. ಅಂಗೈಯುದ್ದದ ಆ ಕಬ್ಬಿಣದ ಕೀಲಿಯನ್ನು ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ. ಹೀಗಾಗಿ ಶುಕ್ರವಾರ ಕಥೆ ಕೀಲಿಯ ಹತ್ತಿರ ಬಂದಾಗ ಹೆಂಗಸರೆಲ್ಲರ ಕಣ್ಣು ಬೇಡವೆಂದರೂ ಬಾಗಿಲ ಕಡೆಗೆ ಹೋಗುತ್ತಿತ್ತು. ಸತೂರಿಯೊ ಉರುವಲಿನ ಕಟ್ಟನ್ನು ನೋಡುತ್ತ ನಿಂತಿರುತ್ತಿದ್ದ.

ಮೂರನೆಯ ವರ್ಷದ ಮಾಗಿಯಲ್ಲಿ ಒಲಾಯಾ ಬಂದಳು. ಕಂಕುಳಲ್ಲಿ ಹಸುಗೂಸು. ಎಲಾದಿಯೊಗೆ ಬಿಲ್ಬಾವೊ ಪಟ್ಟಣದ ಕಡೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಒಂದು ಕೋಣೆ ಹಿಡಿದಿದ್ದ. ಅಷ್ಟು ದೂರ ಹೋದರೆ ಮತ್ತೆ ಬರುವುದು ಯಾವಾಗಲೋ ಎಂದು ಅವಳು ದಾರಿಯಲ್ಲಿ ಇಳಿದಿದ್ದಳು. ಮೊದಲು ತಂದೆಯ ಮನೆಗೇ ಹೋದಳು. ತಟ್ಟಿದಳು. ಒಳಗೆ ಬೆಂಕಿಯ ಹೊಗೆ ಏಳುತ್ತಿತ್ತು, ಬಾಗಿಲು ತೆರೆಯಲಿಲ್ಲ. ಆ ರಾತ್ರಿಯಿಂದ ಅತ್ತೆ ಲೆಯಾಂದ್ರಳ ಮನೆಯಲ್ಲಿ ಉಳಿದಳು. ಬಸ್ಸು ಸೇತುವೆಯ ಬಳಿ ನಿಲ್ಲುವುದು ಶುಕ್ರವಾರ ಮಧ್ಯಾಹ್ನ ಮಾತ್ರ.

ಶುಕ್ರವಾರ ಬೆಳಿಗ್ಗೆ ಲೆಯಾಂದ್ರ ಹಿಟ್ಟು ನಾದುತ್ತಿದ್ದಳು. ತನ್ನ ಮನೆಗೆ, ಮತ್ತು ಎಂದಿನಂತೆ ತಮ್ಮನಿಗೆ. ಒಲಾಯಾ ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ಬಂದು ತೋಳು ಮಡಿಸಿದಳು.

"ಅತ್ತೆ, ನನಗೂ ಒಂದು ಮುದ್ದೆ ಕೊಡು."

"ಯಾಕೆ, ನಾನು ನಾದಿದ್ದು ಪಟ್ಟಣದೋರಿಗೆ ಇಳಿಯಲ್ವಾ?"

"ಪಟ್ಟಣ ನೋಡೇ ಇಲ್ಲ ನಾನಿನ್ನೂ. ಈಗಲೇ ಶುರು ಮಾಡ್ತೀಯಲ್ಲ."

"ಹೋದ ಮೇಲೆ ಹೇಳೋಕೆ ಸಿಗಬೇಕಲ್ಲ ನೀನು. ತಗೋ, ನಾದು."

ಒಲಾಯಾ ನಾದಿದಳು. ಗುಂಡಗೆ ಮಾಡಿದ ಮೇಲೆ ಅದನ್ನು ಮಗುಚಿ, ಅಡಿಯಲ್ಲಿ ಹೆಬ್ಬೆರಳಿನಿಂದ ಒಂದು ಕುಳಿ ಒತ್ತಿದಳು. ಅದು ಕ್ವಿತೇರಿಯಳ ರೂಢಿ. ಊರಿನಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಯಾಕೆಂದು ಕೇಳಿದರೆ ಅವಳು 'ಬಿಸಿ ಒಳಗೆ ಹೋಗ್ಲಿ ಅಂತ' ಎಂದು ನಗುತ್ತಿದ್ದಳು. ಆಮೇಲೆ ಒಲಾಯಾ ಗೋಡೆಯ ಮೊಳೆಗೆ ಕೈ ಚಾಚಿ, ಎರಡು ಕೊಂಬಿನ ಗುರುತಿದ್ದ ಅಚ್ಚನ್ನು ತೆಗೆದುಕೊಂಡಳು. ಸತೂರಿಯೊನ ಪೂರ್ವಿಕರು ದೊರೆಯ ಅರಮನೆಗೆ ಕಲ್ಲು ಎಳೆದ ಎತ್ತುಗಳನ್ನು ಹೊಡೆಯುತ್ತಿದ್ದವರೆಂದು ಪ್ರತೀತಿ. ಆ ಕೊಂಬುಗಳು ಆ ಎತ್ತುಗಳವು.

"ಅದು ನಿಮ್ಮಪ್ಪನ ಅಚ್ಚು ಕಣೇ."

"ಗೊತ್ತು."

"ನೀಲಿ ಉಟ್ಕೊಂಡು ಹೊರಟೋಳು ನೀನು. ಈಗ ಆ ಮನೆ ಅಚ್ಚು ಒತ್ತಿದ್ರೆ ಊರು ಸುಮ್ಮನಿರುತ್ತಾ?"

"ಊರಿಗಲ್ಲ ಅತ್ತೆ. ಅಪ್ಪಂಗೆ ಕಾಣ್ಲಿ ಅಂತ. ಒಂದೇ ಮನೆ ಗುರುತಿನ ಎರಡು ರೊಟ್ಟಿ ಆಚೆ ಬಂದ್ರೆ, ಇದು ಯಾರದು ಅಂತ ಕೇಳಲೇಬೇಕಲ್ಲ. ಕೇಳಿದ್ರೆ ಸಾಕು, ನಾನಿದೀನಿ ಅಂತ ಗೊತ್ತು ಅವನಿಗೆ ಅಂದ್ಕೋತೀನಿ. ಕೇಳದೇ ಇದ್ರೆ ಬಸ್ಸು ಹತ್ತುತೀನಿ. ಮತ್ತೆ ಈ ಕಡೆ ಬರಲ್ಲ."

"ನೀನೇ ಬಂದು ನಿಂತ್ಕೋ ಒಲೆ ಹತ್ರ. ಕಣ್ಣೆದುರಿಗೇ ಕಾಣ್ತೀಯ."

"ಬಾಗಿಲು ಒಂದು ಸಲ ತಟ್ಟಿದೀನಿ. ಇನ್ನೊಂದು ಸಲ ನನ್ನಿಂದಾಗಲ್ಲ."

ಲೆಯಾಂದ್ರ ಎರಡು ಕೊಂಬಿನ ಎರಡು ರೊಟ್ಟಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು, ಬಟ್ಟೆ ಮುಚ್ಚಿ, ಒಲೆಯ ಕಡೆಗೆ ನಡೆದಳು.

ಅಂದು ಕೆಂಡ ಗುಡಿಸಿ, ಒದ್ದೆ ಬಟ್ಟೆಯಿಂದ ಒಲೆಯ ನೆಲ ಒರೆಸಿ, ರೊಟ್ಟಿಗಳನ್ನೆಲ್ಲ ಉದ್ದ ಹಿಡಿಯ ಹಲಗೆಯಿಂದ ಒಳಗೆ ದೂಡಿ ತಗಡು ಮುಚ್ಚಿದ್ದಾಯಿತು. ಹೆಂಗಸರು ಕಲ್ಲಿನ ಜಗಲಿಯ ಮೇಲೆ ಹೆಣಿಗೆ ಹಿಡಿದು ಕೂತರು. ಸತೂರಿಯೊ ಕಟ್ಟು ಇಳಿಸಿ ಬಾಗಿಲಿಗೆ ಒರಗಿದ. ಲೆಯಾಂದ್ರ ಆರಂಭಿಸಿದಳು.

"ಇದು ನಮ್ಮಮ್ಮ ಹೇಳಿದ್ದು. ನಮ್ಮಮ್ಮನಿಗೆ ಹೇಳಿದೋರು ಅವರಮ್ಮ. ಅವರಿಗೆ ಯಾರು ಹೇಳಿದ್ರೋ ಅವರು ದೊರೆ ಎತ್ತಿಗೆ ನೀರು ಕುಡಿಸಿದೋರು. ದೊರೆಗೆ ಎಷ್ಟು ಊರಿತ್ತು ಅಂದ್ರೆ, ಒಂದೂರಲ್ಲಿ ಕತ್ತಲಾದ್ರೆ ಇನ್ನೊಂದೂರಲ್ಲಿ ಕೋಳಿ ಕೂಗೋದು. ದನಿ ಮಾತ್ರ ಇಷ್ಟೇ. ಮಾತಾಡಿದ್ರೆ ಮುಂದೆ ನಿಂತೋನು ಬಗ್ಗಬೇಕು ಕೇಳಿಸ್ಕೊಳೋಕೆ. ಜನ ಅಂದ್ಕೊಂಡ್ರು, ಗತ್ತು ಅಂತ. ಗತ್ತೋ, ಇಲ್ಲ ಗಟ್ಟಿಯಾಗಿ ಮಾತಾಡೋದು ಯಾರೂ ಕಲಿಸಲೇ ಇಲ್ವೋ..."

ಹೀಗೆ ದೊರೆ ಬೆಟ್ಟದ ಮೇಲೆ ಅರಮನೆ ಕಟ್ಟಿಸಿದ. ಪ್ರತಿ ಕಲ್ಲನ್ನೂ ಮುಟ್ಟಿ ನೋಡಿದ. ರಾಣಿ ಸತ್ತಳು, ಕಪ್ಪು ಉಟ್ಟ. ರಾಜಕುಮಾರ ಬೆಳೆದ, ಕೆಂಪು ನಿಲುವಂಗಿ ತೊಟ್ಟ. ಕಪ್ಪು ಬಟ್ಟೆಯವನಿಗೂ ಕೆಂಪು ಬಟ್ಟೆಯವನಿಗೂ ಒಂದೇ ಮೇಜಿನಲ್ಲಿ ಊಟ ಸೇರದಾಯಿತು. ಒಂದು ದಿನ ಕುದುರೆಗೆ ಜೀನು ಬಿಗಿದಿರುವುದು ದೊರೆಯ ಕಣ್ಣಿಗೆ ಬಿತ್ತು.

"'ಎಲ್ಲಿಗೆ?' ಅಂದ ದೊರೆ. 'ನೀವು ಇಲ್ಲದ ಕಡೆಗೆ' ಅಂದ ಮಗ. ದೊರೆ ಅವನ ತೋಳು ಹಿಡ್ಕೊಂಡು ಗೋಪುರ ಹತ್ತಿಸಿದ. ಮೇಲಿನ ಕೋಣೇಲಿ ಬಿಟ್ಟ. ಬಾಗಿಲು ಎಳೆದ. ಕೀಲಿ ಕೈಗೆ ತಗೊಂಡ..."

ಹೆಣಿಗೆಯ ಕಡ್ಡಿಗಳು ನಿಂತವು. ಎಂದಿನಂತೆ ಕಣ್ಣುಗಳು ಬಾಗಿಲ ಕಡೆ ಹೋದವು, ಅವುಗಳ ಹಿಂದೆ ಲೆಯಾಂದ್ರಳ ಕಣ್ಣೂ ಹೋಯಿತು. ಸತೂರಿಯೊ ಅಂದು ಉರುವಲನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿದ್ದ. ಕೈ ಸೊಂಟದ ಪಟ್ಟಿಯಲ್ಲಿ, ಕೀಲಿಯ ಮೇಲೆ ಇತ್ತು. "ಎಷ್ಟು ಸಲ ಹೇಳಿದ್ನೋ ಆ ಎರಡು ಮಾತು," ಎಂದು ಲೆಯಾಂದ್ರ ಎಷ್ಟೋ ವರ್ಷದ ಮೇಲೆ ನನಗೆ ವಿವರಿಸಿದಳು, "ಅವತ್ತು ನಾಲಗೆ ಮೇಲೇ ನಿಂತುಬಿಡ್ತು. ನಾನು ಹೇಳಿದ್ರೆ ಅವನು ಮತ್ತೊಂದು ಸಲ ಬೀಗ ಹಾಕಿದ ಹಾಗೆ ಆಗುತ್ತೆ ಅನ್ನಿಸ್ತು."

'ಕೀಲಿ ತಿರುಗಿತು' ಎಂಬುದು ಬಾಯಿಂದ ಬೀಳಲಿಲ್ಲ. ಅದು ಬೀಳುವವರೆಗೆ ಪೆನ್ಯಸೋರ್ದದಲ್ಲಿ ರೊಟ್ಟಿ ಬೆಂದಿಲ್ಲವೆಂದೇ ಅರ್ಥ. ಯಾರೂ ಏಳಲಿಲ್ಲ. ಲೆಯಾಂದ್ರ ತಾಯಿ ಹೇಳದ ಮಾತಿಗೆ ಕಾಲಿಟ್ಟಳು.

"...ಕೀಲಿ ಕೈಲಿ ಹಿಡ್ಕೊಂಡೇ ಕೆಳಗೆ ಬಂದ. ಮೇಜಿನ ಮುಂದೆ ಕೂತ. ಕಾಗದ ಓದಿದ, ತಲೆಗೆ ಹೋಗಲಿಲ್ಲ. ಸೇವಕ ಊಟ ತಂದಿಟ್ಟ. ರೊಟ್ಟಿ ಮುರಿಯೋಕೆ ಹೋದೋನು ಹಾಗೇ ಕೈ ಹಿಂದಕ್ಕೆ ತಗೊಂಡ. ಮೇಲೆ ಮಗ ಊಟ ಮಾಡಿಲ್ಲ ಅಂತ ನೆನಪಾಯ್ತು. 'ಯಾರನ್ನಾದ್ರೂ ಕಳಿಸ್ಲಾ ಸ್ವಾಮಿ?' ಅಂದ ಸೇವಕ. ಅರ್ಧ ಲೋಕಕ್ಕೆ ಆಳು ಕಳಿಸಿದೋನು, ಅವತ್ತು ಬೇಡ ಅಂದ. ತಾನೇ ಎದ್ದ. ರೊಟ್ಟಿ ಕಂಕುಳಲ್ಲಿ ಇಟ್ಕೊಂಡ. ಮೆಟ್ಟಿಲು ಹತ್ತೋಕೆ ಶುರು ಮಾಡಿದ."

ಹತ್ತುವುದು ಸುಲಭವಾಗಿರಲಿಲ್ಲ. ದೊರೆಗೆ ಕಾಲಿನ ಕೀಲುಗಳಲ್ಲಿ ಬಾವು. ಇದನ್ನು ಎಲ್ಲ ಊರಿನ ಕಥೆಗಳೂ ಒಪ್ಪುತ್ತವೆ. ಲೆಯಾಂದ್ರ ಅವನನ್ನು ಒಂದೊಂದೇ ಮೆಟ್ಟಿಲು ಹತ್ತಿಸಿದಳು. ನಡುವೆ ಕೂರಿಸಿದಳು. ಕೂತಲ್ಲಿ ಅವನಿಗೆ ಮಗ ಚಿಕ್ಕವನಿದ್ದಾಗ ಇದೇ ಮೆಟ್ಟಿಲ ಮೇಲೆ ಬಿದ್ದು ಮಂಡಿ ಒಡೆದುಕೊಂಡದ್ದನ್ನು ನೆನಪಿಸಿದಳು. ಮತ್ತೆ ಎಬ್ಬಿಸಿದಳು.

"ಮೇಲೆ ಮಗನಿಗೆ ಕೇಳಿಸ್ತು, ಊರುಗೋಲಿನ ಸದ್ದು. ಟಕ್. ನಿಂತ್ಕೊಳ್ಳುತ್ತೆ. ಟಕ್. ಯಾರು ಅಂತ ಕೂಗಲಿಲ್ಲ, ಗೊತ್ತಾಯ್ತು. ಬಾಗಿಲಿನ ಈ ಕಡೆ ದೊರೆ. ಆ ಕಡೆ ಮಗ. ಇಬ್ಬರ ಉಸಿರೂ ಇಬ್ಬರಿಗೂ ಕೇಳಿಸ್ತಿದೆ..."

ಇಲ್ಲಿ ಅವಳಿಗೆ ದಾರಿ ಮುಗಿಯಿತು. ಮುಂದೇನೆಂದು ಅವಳಿಗೇ ತಿಳಿದಿರಲಿಲ್ಲ. ಜಗಲಿಯ ಮೇಲೆ ಒಬ್ಬರೂ ಕದಲಲಿಲ್ಲ. ಹೊಗೆಯ ವಾಸನೆ ತನ್ನ ಮೂಗಿಗೆ ಬರಲೇ ಇಲ್ಲ ಎಂದು ಲೆಯಾಂದ್ರ ಆಣೆ ಮಾಡುತ್ತಾಳೆ. ಪ್ರಿಮಿತೀವ ಹೇಳುವುದು ಬೇರೆ: "ನನಗೆ ಬಂದಿತ್ತು, ಅವನು ಮೆಟ್ಟಿಲ ಮೇಲೆ ಕೂತಾಗಲೇ. ಬಾಯಿ ಬಿಡಲಿಲ್ಲ. ರೊಟ್ಟಿ ಮುಂದಿನ ವಾರನೂ ಬೇಯಿಸಬಹುದು. ಆ ಬಾಗಿಲು ಏನಾಗುತ್ತೆ ಅಂತ ತಿಳ್ಕೊಬೇಕಿತ್ತು ನನಗೆ."

ಆಗ ಯಾವತ್ತೂ ಬಾಯಿ ಹಾಕದಿದ್ದವನು ಬಾಯಿ ಹಾಕಿದ.

"ತೆಗೆದನಾ ಅಕ್ಕ?" ಎಂದ ಸತೂರಿಯೊ.

ಲೆಯಾಂದ್ರ ತಮ್ಮನ ಮುಖ ನೋಡಿದಳು. "ನನ್ನೇನು ಕೇಳ್ತೀಯೋ? ಕೀಲಿ ನನ್ನ ಹತ್ರ ಇದೆಯಾ?"

ಅಷ್ಟರಲ್ಲಿ ತಗಡಿನ ಸಂದಿಯಿಂದ ಕಪ್ಪು ಹೊಗೆ ಉರುಳಿ ಬಂತು. ಹೆಂಗಸರು ಚೀರಿ ಎದ್ದರು. ತಗಡು ಸರಿಸಿ, ಕೆಮ್ಮುತ್ತ, ಕಣ್ಣೊರೆಸುತ್ತ ಒಂದೊಂದೇ ರೊಟ್ಟಿ ಎಳೆದು ಜಗಲಿಯ ಮೇಲೆ ಸಾಲಾಗಿ ಹಾಕಿದರು. ಇಡೀ ಊರಿನ ವಾರದ ರೊಟ್ಟಿ ಮಸಿಯ ಮುದ್ದೆಯಾಗಿತ್ತು.

"ನೋಡ್ರೇ, ನಮ್ಮ ದೊರೆ ಮೆಟ್ಟಿಲು ಹತ್ತಿದ ಚೆಂದ!"

"ಗೋಪುರ ಸ್ವಲ್ಪ ಕುಳ್ಳಗೆ ಕಟ್ಟಬಾರದಿತ್ತಾ ಲೆಯಾಂದ್ರಕ್ಕ?"

"ಇದನ್ನ ಮನೆಗೆ ಒಯ್ದರೆ ನನ್ನ ಗಂಡ ಇದ್ದಿಲು ಎಲ್ಲಿಂದ ತಂದೆ ಅಂತಾನೆ," ಎಂದಳು ಪ್ರಿಮಿತೀವ. "ಒಳ್ಳೇದೇ ಆಯ್ತು, ಇದ್ದಿಲೂ ಮುಗಿದಿತ್ತು."

ನಗು ಬಂತು, ಬೈಗುಳವೂ ಬಂತು. ಆದರೆ ಯಾವುದು ಯಾರದೆಂದು ಹುಡುಕಲು ಹೊರಟಾಗ ಎಲ್ಲರೂ ಪೆಚ್ಚಾದರು. ಚಕ್ರವಿಲ್ಲ, ತೆನೆಯಿಲ್ಲ, ಮೇಲಿನ ಅಚ್ಚುಗಳೆಲ್ಲ ಸುಟ್ಟು ಒಂದೇ ಕಪ್ಪು. ಲೆಯಾಂದ್ರ ಎರಡು ಕೊಂಬು ಹುಡುಕಿದಳು, ಅವೂ ಇರಲಿಲ್ಲ. ಒಂದೇ ಗುರುತಿನ ಎರಡು ರೊಟ್ಟಿ ತಮ್ಮನ ಕಣ್ಣಿಗೆ ಬೀಳುವಂತಿರಲಿಲ್ಲ. ಒಲಾಯಾ ಕಟ್ಟಿಕೊಂಡಿದ್ದ ಒಂದೇ ಒಂದು ಆಸೆಯನ್ನು ತಾನೇ ಕೂತು, ಕಥೆ ಹೇಳಿ ಸುಟ್ಟಿದ್ದಳು. ಕೆಳಗೆ ಕಣಿವೆಯಲ್ಲಿ ಬಸ್ಸು ಏರು ಹತ್ತುವ ಸದ್ದು ಆಗಲೇ ಕೇಳಿಸುತ್ತಿತ್ತು.

ಸತೂರಿಯೊ ಬಾಗಿಲು ಬಿಟ್ಟು ಒಳಗೆ ಬಂದ. ಬೆಂದ ರೊಟ್ಟಿಯನ್ನು ಮಗುಚಿ ಅಡಿಯನ್ನು ಬೆರಳ ಗಂಟಿನಿಂದ ತಟ್ಟಿ ನೋಡುವುದು ಅಲ್ಲಿ ಎಲ್ಲರಿಗೂ ಇರುವ ಅಭ್ಯಾಸ. ಸುಟ್ಟದ್ದನ್ನೂ ಹಾಗೇ ತಟ್ಟತೊಡಗಿದ. ಒಂದನ್ನು ತಟ್ಟಿ ಬದಿಗಿಟ್ಟ. ಇನ್ನೊಂದನ್ನು ತಟ್ಟಿ ಬದಿಗಿಟ್ಟ. ಮುಂದಿನದನ್ನು ಮಗುಚಿದಾಗ ಅವನ ಹೆಬ್ಬೆರಳು ತಾನಾಗಿ ಒಂದು ಕುಳಿಯೊಳಗೆ ಹೋಗಿ ಕೂತಿತು.

ಬಿಸಿ ರೊಟ್ಟಿ ಕೈ ಸುಡುತ್ತಿರಬೇಕು, ಬಿಡಲಿಲ್ಲ.

"ಇದು ಯಾರದು?" ಎಂದ. ದನಿ ಎಷ್ಟು ಮೆಲ್ಲಗಿತ್ತೆಂದರೆ ಲೆಯಾಂದ್ರ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

"ಯಾರದು ಅಂತ ನಿನಗೆ ಗೊತ್ತು, ಸತೂರಿಯೊ. ಬಸ್ಸು ಸೇತುವೆ ಹತ್ರ ಬಂತು. ಬೇಗ ಹೋಗು."

ಅವನು ರೊಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಲೆಯಾಂದ್ರ ತಾನೊಬ್ಬಳೇ ದೂರದಿಂದ ಹಿಂಬಾಲಿಸಿದೆನೆಂದು ಹೇಳುತ್ತಾಳೆ. ಎಲ್ಲರೂ ಹೋದೆವು, ಕೆಲವರ ಕೈಯಲ್ಲಿ ಹೆಣಿಗೆಯೂ ಇತ್ತು ಎಂದು ಪ್ರಿಮಿತೀವ ಹೇಳುತ್ತಾಳೆ.

ಒಲಾಯಾ ಅತ್ತೆಯ ಮನೆಯ ಹೊಸ್ತಿಲ ಮೇಲೆ ಗಂಟು ಕಟ್ಟಿಟ್ಟು, ಮಗುವನ್ನು ಶಾಲಿನಲ್ಲಿ ಸುತ್ತಿ ನಿಂತಿದ್ದಳು. ತಂದೆ ಓಣಿಯಲ್ಲಿ ಬರುವುದನ್ನು ಕಂಡು ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಅವನು ಬಂದು ಎದುರಿಗೆ ನಿಂತ. ಏನು ಹೇಳಬೇಕೆಂದು ದಾರಿಯಲ್ಲಿ ಯೋಚಿಸಿರಲಿಲ್ಲವೆಂದು ಕಾಣುತ್ತದೆ.

"ಸುಟ್ಟುಹೋಗಿದೆ," ಎಂದ.

"ಏನು?"

"ನಿನ್ನ ರೊಟ್ಟಿ."

ಒಲಾಯಾ ಆ ಕರಿಮುದ್ದೆಯನ್ನು ನೋಡಿದಳು. "ನಂದು ಅಂತ ಹೇಗೆ ಗೊತ್ತಾಯ್ತು? ಅಚ್ಚು ಎಲ್ಲಿ ಕಾಣ್ತಿದೆ?"

ಅವನು ರೊಟ್ಟಿಯನ್ನು ಮಗುಚಿ ತೋರಿಸಿದ. ಇಬ್ಬರೂ ಆ ಕುಳಿಯನ್ನು ನೋಡುತ್ತ ನಿಂತರು.

"ಬಿಸಿ ಒಳಗೆ ಹೋಗ್ಲಿ ಅಂತ," ಎಂದಳು ಒಲಾಯಾ.

"ಹೋಗಿದೆ," ಎಂದ ಸತೂರಿಯೊ. "ಸ್ವಲ್ಪ ಜಾಸ್ತೀನೇ ಹೋಗಿದೆ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂದದ್ದರಿಂದ ಮುಖ ತಿರುಗಿಸಿದಳು. ಕೆಳಗೆ ಸೇತುವೆಯ ಬಳಿ ಬಸ್ಸು ಹಾರ್ನ್ ಹಾಕಿತು.

"ಬಸ್ಸು," ಎಂದಳು.

"ಕೇಳಿಸ್ತು. ಮಗು ಹೆಸರೇನು?"

"ಕ್ವಿತೇರಿಯ."

ಅವನು ಸೊಂಟದ ಪಟ್ಟಿಯಿಂದ ಕೀಲಿಯನ್ನು ಎಳೆದು ಅವಳತ್ತ ಚಾಚಿದ. "ನೀನು ತೆಗಿ. ಮಳೆಗೆ ಬಾಗಿಲು ಉಬ್ಬಿದೆ, ಎತ್ತಿ ತಳ್ಳಬೇಕು. ನಿನಗೆ ಗೊತ್ತಲ್ಲ. ಅವಳನ್ನ ಇಲ್ಲಿ ಕೊಡು."

"ಅಪ್ಪ, ಕೈಯೆಲ್ಲ ಮಸಿ ನಿಂದು."

"ನಿಮ್ಮಮ್ಮ ಊರೊಲೆ ಮಸಿಯಲ್ಲೇ ಬೆಳೆದೋಳು. ಕೊಡು."

ಬಸ್ಸು ಇನ್ನೊಮ್ಮೆ ಹಾರ್ನ್ ಹಾಕಿ ಹೊರಟುಹೋಯಿತು. ಮಗುವಿನ ಬಿಳಿಯ ಬಟ್ಟೆಯ ಮೇಲೆ ಮೂಡಿದ ಐದು ಬೆರಳಿನ ಕಪ್ಪು ಗುರುತು ಎಷ್ಟು ಒಗೆದರೂ ಪೂರ್ತಿ ಹೋಗಲಿಲ್ಲವಂತೆ. ಒಲಾಯಾ ಬಾಗಿಲನ್ನು ಎತ್ತಿ ತಳ್ಳಿದಳು. ಮೊದಲ ಸಲಕ್ಕೇ ತೆರೆಯಿತು. ಆ ಮಧ್ಯಾಹ್ನ ಸುಟ್ಟ ಸಿಪ್ಪೆಯನ್ನು ಚಾಕುವಿನಿಂದ ಹೆರೆದು, ಒಳಗಿನ ತಿರುಳನ್ನು ಬೆಳ್ಳುಳ್ಳಿ ಸಾರಿಗೆ ಹಾಕಿ ತಿಂದರು. ಊಟದ ನಡುವೆ ಸತೂರಿಯೊ ತಟ್ಟೆಯಿಂದ ತಲೆಯೆತ್ತದೆ ಒಂದೇ ಮಾತು ಹೇಳಿದನೆಂದು ಒಲಾಯಾ ಅತ್ತೆಗೆ ತಿಳಿಸಿದಳು: "ನಿಮ್ಮಮ್ಮನಿಗೆ ನೀಲಿ ಅಂದ್ರೆ ಇಷ್ಟ. ನಾನು ಆಗ ಅದನ್ನ ಮರೆತುಬಿಟ್ಟಿದ್ದೆ."

ಮುಂದಿನ ಶುಕ್ರವಾರ ಒಲೆಯ ಬಳಿ ಕಾಲಿಡಲು ಜಾಗವಿರಲಿಲ್ಲ. ಹಿಟ್ಟು ತರದವರೂ ಬಂದಿದ್ದರು. ಲೆಯಾಂದ್ರ ಬುದ್ಧಿವಂತಿಕೆ ಮಾಡಿ, ದೊರೆ ಕೀಲಿ ಕೈಗೆ ತೆಗೆದುಕೊಂಡ ಕೂಡಲೇ ಕೈ ಸನ್ನೆ ಮಾಡಿ ತಗಡು ಸರಿಸಲು ಹೇಳಿದಳು. ರೊಟ್ಟಿ ಹದವಾಗಿ ಬೆಂದಿತ್ತು. ಅವರವರ ಅಚ್ಚು ನೋಡಿ ಅವರವರ ರೊಟ್ಟಿ ಎತ್ತಿಕೊಂಡು, ಬಿಸಿಯಾದ್ದನ್ನು ಮಡಿಲಲ್ಲಿಟ್ಟುಕೊಂಡು ಉಳಿದ ಕಥೆಗೆ ಕೂತರು. ಅಲ್ಲಿಂದ ಇಲ್ಲಿಯವರೆಗೆ ಆ ಊರಿನಲ್ಲಿ ಕ್ರಮ ಇದೇ: ದೊರೆ ಕೀಲಿ ಕೈಗೆ ತೆಗೆದುಕೊಂಡಾಗ ರೊಟ್ಟಿ ಹೊರಗೆ ಬರುತ್ತದೆ, ಅವನು ಮೆಟ್ಟಿಲು ಹತ್ತಿ ಮತ್ತೆ ಬಾಗಿಲು ಮುಟ್ಟುವ ಹೊತ್ತಿಗೆ ಕೇಳುವವರ ಮಡಿಲಲ್ಲೂ ಒಂದು ರೊಟ್ಟಿ ಇರುತ್ತದೆ.

ಅಂದು ಲೆಯಾಂದ್ರ ದೊರೆಯನ್ನು ಮೇಲೆ ಹತ್ತಿಸಿ, "ಕಂಕುಳಲ್ಲಿ ಬಿಳೀ ಗೋಧಿ ಅರಮನೆ ರೊಟ್ಟಿ, ಹೂವಿನ ಹಾಗೆ ಉಬ್ಬಿರೋದು" ಎನ್ನುತ್ತಿದ್ದಂತೆ ಬಾಗಿಲ ಕಡೆಯಿಂದ ದನಿ ಬಂತು.

"ಸುಟ್ಟಿತ್ತು, ಅಕ್ಕ."

ಎಲ್ಲರೂ ತಿರುಗಿದರು. ಸತೂರಿಯೊ ಒರಗಿ ನಿಂತಿರಲಿಲ್ಲ; ಹೊಸ್ತಿಲ ಮೇಲೆ ಕೂತಿದ್ದ, ತೊಡೆಯ ಮೇಲೆ ಮೊಮ್ಮಗಳು. ಒಲಾಯಾ ಜಗಲಿಯ ಮೇಲೆ ಅತ್ತೆಯ ಪಕ್ಕದಲ್ಲಿದ್ದಳು. ಎರಡು ವಾರ ಬಿಟ್ಟು ಬರುವುದಾಗಿ ಗಂಡನಿಗೆ ಹೇಳಿ ಕಳಿಸಿದ್ದಳು.

"ಅರಮನೆ ರೊಟ್ಟಿ ಯಾಕೋ ಸುಡುತ್ತೆ?" ಎಂದಳು ಲೆಯಾಂದ್ರ.

"ಹೊತ್ತು ಮಾಡಿದನಲ್ಲ ಅವನು. ಬಾಗಿಲ ತನಕ ಬರೋಕೆ ಎಷ್ಟು ಹೊತ್ತು ಮಾಡಿದ! ಸುಡದೆ ಏನಾಗುತ್ತೆ?"

"ಬೂದಿ!" ಎಂದು ಕೂಗಿದಳು ಪ್ರಿಮಿತೀವ, ಕೈ ತಟ್ಟಿ. "ಎರಡು ಸಲ ಬಾಯಿ ಹಾಕಿದಾನೆ ದೊರೆ! ಎರಡು ವಾರದ ಬೂದಿ!"

ಲೆಯಾಂದ್ರ ತಮ್ಮನ ಮಾತನ್ನು ಒಪ್ಪಿಕೊಂಡಳು. ರೊಟ್ಟಿ ಸುಟ್ಟಿತು; ಮಗ ಬಾಗಿಲ ಆ ಕಡೆಯಿಂದ ಸುಟ್ಟ ವಾಸನೆ ಹಿಡಿದು, ಇಷ್ಟು ಕೆಟ್ಟದಾಗಿ ಕಾಯಿಸಿದ್ದು ಅಪ್ಪನೇ ಇರಬೇಕೆಂದು ನಕ್ಕ; ದೊರೆ ಬೀಗ ತೆಗೆದ. ಕಥೆ ಹೀಗೆಯೇ ಉಳಿದುಕೊಂಡಿದೆ.

ಬೇರೆ ಊರುಗಳಲ್ಲಿ ದೊರೆ ಬಾಗಿಲು ತೆಗೆಯುವುದಿಲ್ಲವಲ್ಲ ಎಂದು ಲೆಯಾಂದ್ರಳನ್ನು ಕೇಳಿದ್ದುಂಟು. ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಉತ್ತರಿಸಿದಳು: "ಆ ದೊರೆಗಳ ವಿಷಯ ನನಗೆ ಗೊತ್ತಿಲ್ಲ ಸ್ವಾಮಿ. ಪಾಪ, ಅವರನ್ನ ಯಾರೂ ಮೆಟ್ಟಿಲು ಹತ್ತಿಸಿಲ್ಲವೋ ಏನೋ."

ಅವಳ ಹಿಂದೆ, ಕಪ್ಪು ಅಂಗಿ ತೊಟ್ಟ ಒಬ್ಬ ಮುದುಕ ಒಲೆಯ ಬೂದಿಯನ್ನು ಬುಟ್ಟಿಗೆ ತುಂಬುತ್ತಿದ್ದ. ಅವನ ದಂಡ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಬೂದಿ ಹೊತ್ತು ಹಾಕಿ ಬಂದು, ಒಲೆಯೊಳಗೆ ಕೈ ಚಾಚಿ, ಪ್ರತಿ ಶುಕ್ರವಾರ ಅವನಿಗೆಂದೇ ಮೂಲೆಯಲ್ಲಿ ಬಿಟ್ಟಿರುವ ಸಣ್ಣ ರೊಟ್ಟಿಯನ್ನು ಹೊರತೆಗೆದ. ಸುಟ್ಟು ಕರಿಯಾಗಿತ್ತು. ಅದನ್ನು ಮಗುಚಿ, ಅಡಿಗೆ ಹೆಬ್ಬೆರಳಿಟ್ಟು ನೋಡಿ, ಕಂಕುಳಲ್ಲಿ ಇಟ್ಟುಕೊಂಡು, ಬೀಗವಿಲ್ಲದ ತನ್ನ ಮನೆಯ ಕಡೆ ನಡೆದ.